ಬಟ್ಟಂಬಾಂಗ್‌ಗೆ ಪಾಠ ಮಾಡಲು ಬರುತ್ತಿರುವ ತಂಗಿಗೆ

ತಂಗಿ, ನಿನ್ನ ಪತ್ರ ಓದಿದೆ. ಕಾಂಬೋಡಿಯಾದ ಬಟ್ಟಂಬಾಂಗ್ ಹತ್ತಿರದ ಹಳ್ಳಿ ಶಾಲೆಯಲ್ಲಿ ಆರು ತಿಂಗಳು ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಬರುತ್ತಿದ್ದೀಯ. ಯಾವ ವೀಸಾ, ಎಷ್ಟು ದುಡ್ಡು, ಸಸ್ಯಾಹಾರಿಗೆ ಊಟ ಸಿಗುತ್ತಾ, ಖ್ಮೇರ್ ಭಾಷೆ ಬರದೆ ಪಾಠ ನಡೆಯುತ್ತಾ ಅಂತ ಕೇಳಿದ್ದೀಯ. ಗೊತ್ತಿಲ್ಲದವಳನ್ನು ತಂಗಿ ಅಂದೆನಲ್ಲ ಅಂತ ಅಂದುಕೊಳ್ಳಬೇಡ. ಇಲ್ಲಿ ಹೆಸರಿಗಿಂತ ಮೊದಲು ವಯಸ್ಸು ಕೇಳುತ್ತಾರೆ. ದೊಡ್ಡವರಾದರೆ ‘ಬೋಂಗ್’, ಚಿಕ್ಕವರಾದರೆ ‘ಓನ್’. ನಮ್ಮ ಅಕ್ಕ, ತಂಗಿ ಇದ್ದ ಹಾಗೆಯೇ.

ನಾನು ಬಂದಿದ್ದು 2012ರ ಜೂನ್‌ನಲ್ಲಿ, ನಿನ್ನ ಹಾಗೆಯೇ ಆರು ತಿಂಗಳಿಗೆ ಅಂತ. ರಾಜಧಾನಿ ನೋಂಪೆನ್‌ನಿಂದ ಸುಮಾರು 300 ಕಿಲೋಮೀಟರ್ ಬಸ್ಸು. ಇಳಿದಾಗ ಜೋರು ಮಳೆ. ನಾನು ಇರಬೇಕಾಗಿದ್ದ ಮನೆಯ ಯಜಮಾನಿ ಕೊಡೆ ಹಿಡಿದು ನಿಂತಿದ್ದರು. ಏನೋ ಕೇಳಿದರು. ನಾನು ಸುಮ್ನೆ ನಕ್ಕೆ. ಬೆರಳು ಕೂಡಿಸಿ ಬಾಯಿಗೆ ತೋರಿಸಿ ಮತ್ತೆ ಕೇಳಿದರು: ‘ಞಾಂ ಬಾಯ್ ಹಾಯ್ ನೌ?’ ಊಟ ಆಯ್ತಾ? ಅಷ್ಟು ದೂರ ಬಂದು ಮೊದಲು ಕೇಳಿದ ಮಾತು ನಮ್ಮನೆಯ ಮಾತೇ ಆಗಿತ್ತು. ಆ ಮಳೆಯಲ್ಲಿ ನನಗೆ ಅಳು ಬಂತು.

ವೀಸಾ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಟೂರಿಸ್ಟ್ ವೀಸಾದಲ್ಲಿ ಬರಬೇಡ. ಅದು ಒಂದು ತಿಂಗಳದ್ದು, ಒಂದೇ ಸಲ ಮುಂದುವರಿಸಬಹುದು. ಆರು ತಿಂಗಳು ಇರುವವರಿಗೆ ‘ಇ’ ದರ್ಜೆಯ ಸಾಮಾನ್ಯ ವೀಸಾ ಬೇಕು. ಸಂಬಳ ಇಲ್ಲದಿದ್ದರೂ ಪಾಠ ಮಾಡುವುದು ಇಲ್ಲಿ ಕೆಲಸವೇ. ಕೆಲಸದ ಪರವಾನಗಿ ಯಾರು ಮಾಡಿಸುತ್ತಾರೆ ಅಂತ ಕರೆಸಿಕೊಳ್ಳುವವರ ಹತ್ತಿರ ಮೊದಲೇ ಬರೆಸಿಕೋ. ಥಾಯ್ಲೆಂಡ್ ಗಡಿ ದಾಟಿ ಬಸ್ಸಿನಲ್ಲಿ ಬರುವ ಯೋಚನೆ ಬಿಡು. 2025ರಲ್ಲಿ ಆ ಗಡಿಯಲ್ಲಿ ಕಾಳಗವೇ ನಡೆದಿದೆ. ನೇರವಾಗಿ ವಿಮಾನದಲ್ಲಿ ಬಾ.

ದುಡ್ಡು ಎರಡು ಥರ ಓಡುತ್ತದೆ, ಡಾಲರ್ ಮತ್ತು ರಿಯಲ್. ಒಂದು ಡಾಲರ್‌ಗೆ ಸುಮಾರು 4,000 ರಿಯಲ್. ಚೂರು ಹರಿದ, ಗೀಚಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ, ನೋಡಿಕೊಂಡು ತಾ. ಹಳ್ಳಿಯಲ್ಲಿ ಖರ್ಚು ಕಡಿಮೆ. ವಾಪಸ್ ಹೋಗುವ ಟಿಕೆಟ್ಟಿನ ದುಡ್ಡನ್ನು ಮಾತ್ರ ಬೇರೆ ಎತ್ತಿಡು, ಏನೇ ಆದರೂ ಮುಟ್ಟಬೇಡ.

ಊಟಕ್ಕೆ ಒಂದು ಪದ ಕಲಿತುಕೋ: ‘ಬುವಹ್’. ಮೀನು ಮಾಂಸ ಇಲ್ಲದ ಊಟ ಅಂತ. ‘ಮಾಂಸ ಬೇಡ’ ಅಂದರೆ ಸಾಲದು. ಮೀನಿನ ರಸ ಇಲ್ಲಿ ಉಪ್ಪಿದ್ದ ಹಾಗೆ, ಅದನ್ನು ಮೀನು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಪ್ರಹೋಕ್ ಅಂತ ಹುದುಗಿಸಿದ ಮೀನಿನ ಗೊಜ್ಜು ಇದೆ. ಅದರ ವಾಸನೆಗೆ ಮೂಗು ಮುಚ್ಚಬೇಡ. ಅವರ ಮನೆಯ ಮರ್ಯಾದೆ ಅದು. ಹುಣಸೆಹಣ್ಣು, ತೆಂಗು, ಸೊಪ್ಪು ಬೇಕಾದಷ್ಟು ಸಿಗುತ್ತದೆ. ಬಟ್ಟಂಬಾಂಗ್ ಈ ದೇಶದ ಅಕ್ಕಿಯ ಕಣಜ, ಅನ್ನಕ್ಕೆ ಕೊರತೆ ಇಲ್ಲ. ತೊಗರಿಬೇಳೆ, ಇಂಗು, ಸಾರಿನ ಪುಡಿ ನೀನೇ ತರಬೇಕು.

ಈಗ ಭಾಷೆಯ ವಿಷಯ. ಖ್ಮೇರ್ ಬರದೆ ಪಾಠ ನಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ನಾನು ನಂಬಿದ್ದೆ.

ನನ್ನ ತರಗತಿಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ಇದ್ದ. ಕಾಲು ನೆಲಕ್ಕೆ ಎಟುಕದ ಸೈಕಲ್ಲಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಬೋರ್ಡ್ ಒರೆಸಿಡುತ್ತಿದ್ದ. ಗೇಟಿನ ಹತ್ತಿರ ದಿನಾ ಕೇಳುತ್ತಿದ್ದ, ‘ನೆಕ್ ಕ್ರೂ, ಊಟ ಆಯ್ತಾ?’ ನೆಕ್ ಕ್ರೂ ಅಂದರೆ ಟೀಚರಮ್ಮ. ಕ್ರೂ ಅನ್ನುವುದು ನಮ್ಮ ಗುರುವೇ. ಆಯ್ತು ಅಂತ ಹೇಳಿ ಒಳಗೆ ಹೋಗುತ್ತಿದ್ದೆ. ನಿಂದು ಆಯ್ತಾ ಅಂತ ಒಂದು ದಿನವೂ ತಿರುಗಿ ಕೇಳಲಿಲ್ಲ.

ನವೆಂಬರ್‌ನಲ್ಲಿ ಭತ್ತದ ಕೊಯ್ಲು ಶುರುವಾಯಿತು. ಅವನು ವಾರಕ್ಕೆ ಎರಡು ದಿನ ಚಕ್ಕರ್ ಹಾಕತೊಡಗಿದ. ಹೋಂವರ್ಕ್ ಇಲ್ಲ. ಎಲ್ಲರ ಎದುರು ಇಂಗ್ಲಿಷ್‌ನಲ್ಲಿ ಬೈದೆ. ‘ಇನ್ನು ಸರಿಯಾಗಿ ಬರ್ತೀಯಾ?’ ‘ಬಾತ್, ನೆಕ್ ಕ್ರೂ.’ ‘ಹೋಂವರ್ಕ್ ಮಾಡ್ತೀಯಾ?’ ‘ಬಾತ್.’ ಹೇಳುತ್ತಾ ನಗುತ್ತಿದ್ದ. ಆ ನಗು ನೋಡಿ ನನಗೆ ಕೋಪ ಇನ್ನೂ ಜಾಸ್ತಿ ಆಯಿತು.

ಒಂದು ಶುಕ್ರವಾರ ಕ್ಲಾಸು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದ. ಖ್ಮೇರ್‌ನಲ್ಲಿ ಏನೋ ಉದ್ದವಾಗಿ ಹೇಳಿದ. ನನಗೆ ಅರ್ಥ ಆಗಲಿಲ್ಲ, ಹೊರಡುವ ಅವಸರ ಬೇರೆ. ‘ಸೋಮವಾರ ಹೇಳು’ ಅಂದೆ. ‘ಬಾತ್’ ಅಂದ. ಕೈ ಮುಗಿದ. ಹೋದ.

ಸೋಮವಾರ ಬರಲಿಲ್ಲ. ಬೋರ್ಡ್ ಒರೆಸಿರಲಿಲ್ಲ. ಪಕ್ಕದ ತರಗತಿಯ ಟೀಚರ್ ಹೇಳಿದರು: ಸಾಲ ಜಾಸ್ತಿಯಾಗಿ ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಥಾಯ್ಲೆಂಡ್‌ಗೆ ಹೋದರು, ಅವನನ್ನೂ ಕರೆದುಕೊಂಡು ಹೋದರು. ತರಗತಿಯ ಮಕ್ಕಳಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

‘ಬಾತ್’ ಅಂದರೆ ‘ಹೌದು’ ಅಂತ ಪುಸ್ತಕದಲ್ಲಿ ಓದಿದ್ದೆ. ಗಂಡಸರು ಬಾತ್ ಅನ್ನುತ್ತಾರೆ, ಹೆಂಗಸರು ಚಾ ಅನ್ನುತ್ತಾರೆ. ಆದರೆ ನಾವು ಕಥೆ ಕೇಳುವಾಗ ಹೂಂಗುಡುತ್ತೇವಲ್ಲ, ಅದು ಎಷ್ಟೋ ಸಲ ಆ ಥರದ ಹೂಂ. ‘ನೀವು ಹೇಳಿದ್ದು ಕೇಳಿಸಿತು’ ಅಂತ ಅಷ್ಟೇ. ನಾಚಿಕೆಯಾದಾಗ, ಹೆದರಿಕೆಯಾದಾಗಲೂ ಇಲ್ಲಿನ ಮಕ್ಕಳು ನಗುತ್ತಾರೆ. ಇದನ್ನು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಆರು ತಿಂಗಳಿಗೆ ವಾಪಸ್ ಹೋಗದೆ ಉಳಿದಿದ್ದಕ್ಕೆ ಆ ಹುಡುಗನೂ ಒಂದು ಕಾರಣ.

2025ರಲ್ಲಿ ಗಡಿಯ ಗಲಾಟೆಯಾದಾಗ ಥಾಯ್ಲೆಂಡ್‌ನಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನ ವಾಪಸ್ ಬಂದರು. ಲಾರಿಗಳಲ್ಲಿ ಗಂಟುಮೂಟೆ, ಫ್ಯಾನು, ಮಕ್ಕಳು. ರಸ್ತೆಯಲ್ಲಿ ನೀರಿನ ಬಾಟಲಿ ಹಂಚುತ್ತಾ ಒಬ್ಬೊಬ್ಬ ಗಂಡುಮಗನ ಮುಖವನ್ನೂ ನೋಡಿದೆ. ಆ ಹುಡುಗನಿಗೆ ಆಗ ಇಪ್ಪತ್ತೈದು. ನೋಡಿದರೂ ಗುರುತು ಸಿಗುತ್ತಿತ್ತೋ ಇಲ್ಲವೋ.

ಅದಕ್ಕೇ ಹೇಳುತ್ತೇನೆ, ಮೊದಲ ತಿಂಗಳು ಪಾಠಕ್ಕಿಂತ ಜಾಸ್ತಿ ಭಾಷೆಗೆ ಕೊಡು. ನಿನಗೆ ಅಕ್ಷರಮಾಲೆ ಕಷ್ಟವಾಗುವುದಿಲ್ಲ. ಕ ಖ ಗ ಘ ಙ ಅನ್ನುವ ಅದೇ ಸಾಲು, ದನಿ ಮಾತ್ರ ಬದಲು. ಲೆಕ್ಕ ಐದರವರೆಗೆ ಕಲಿತರೆ ಆರು ಅನ್ನುವುದು ಐದು-ಒಂದು, ಏಳು ಐದು-ಎರಡು. ಯಾರಾದರೂ ಮಗುವಿನ ತಾಯಿಯ ಹತ್ತಿರ ಸಂಜೆ ಕೂತು ಮಾತಾಡು. ‘ಊಟ ಆಯ್ತಾ’, ‘ನಿನ್ನೆ ಯಾಕೆ ಬರಲಿಲ್ಲ’, ‘ಮನೇಲಿ ಹೇಗಿದ್ದಾರೆ’, ಇವು ಮೂರು ಬಾಯಿಗೆ ಬಂದ ಮೇಲೆ ಹಾಜರಿ ಪುಸ್ತಕ ತೆಗಿ. ಹಿರಿಯರನ್ನು ಮಾತ್ರ 1975ರಿಂದ 79ರ ಖ್ಮೇರ್ ರೂಜ್ ಆಳ್ವಿಕೆಯ ಕಾಲದ ಬಗ್ಗೆ ಕೆದಕಬೇಡ. ಆಗ ಶಾಲೆಗಳನ್ನು ಮುಚ್ಚಿದ್ದರು, ಎಷ್ಟೋ ಮೇಷ್ಟ್ರುಗಳನ್ನು ಕೊಂದರು. ಅವರಾಗಿ ಹೇಳಿದರೆ ಕೂತು ಕೇಳು.

ಪಕ್ಷಮಾಸದಲ್ಲಿ ನೀನು ಇಲ್ಲಿದ್ದರೆ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಪ್ಚುಮ್ ಬೆನ್ ಹಬ್ಬ ನೋಡುತ್ತೀಯ. ಅದೇ ಭಾದ್ರಪದ, ಅದೇ ಹದಿನೈದು ದಿನ. ಬೆನ್ ಅಂದರೆ ನಮ್ಮ ಪಿಂಡವೇ. ನಮ್ಮಪ್ಪ ತೀರಿಕೊಂಡ ವರ್ಷ ನನಗೆ ಊರಿಗೆ ಹೋಗಲು ಆಗಲಿಲ್ಲ. ಬೆಳಗಿನ ಜಾವ ಈ ಊರಿನ ಹೆಂಗಸರ ಜೊತೆ ಬೌದ್ಧ ಗುಡಿಗೆ ಹೋಗಿ ಕತ್ತಲಲ್ಲಿ ಅನ್ನದ ಉಂಡೆ ಹಾಕಿ ಬಂದೆ.

ಬರುವ ದಿನ ಗೊತ್ತಾದ ತಕ್ಷಣ ಬರಿ, ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಬ್ಯಾಗಿನಲ್ಲಿ ಜಾಗ ಮಿಕ್ಕಿದರೆ ನನಗೂ ಒಂದು ಕಿಲೋ ತೊಗರಿಬೇಳೆ ತಾ.