ಕೆಮಿಸ್ಟ್ರಿ ನೋಟ್ಸಿನ ಕೊನೆಯ ಪುಟ

ಈ ಹುಡುಗಿಯನ್ನು ಸಹನಾ ಎಂದು ಕರೆಯೋಣ. ಹೆಸರು, ಊರು, ಅಪ್ಪನ ಕೆಲಸ ಎಲ್ಲ ಬದಲಾಯಿಸಿದ್ದೇನೆ. ಅವಳೂ ಅವಳಮ್ಮನೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ವಯಸ್ಸು 16, ಮೊದಲ ಪಿಯುಸಿ. ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಅಂತ ಲೆಕ್ಚರರ್ ಒಬ್ಬರು ಕೌನ್ಸೆಲಿಂಗಿಗೆ ನನ್ನ ಹತ್ತಿರ ಕಳಿಸಿದ್ದರು. ಮೊದಲ ದಿನ ನಾನೇ ಹೇಳಿದೆ: "ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದರೆ ನಿನಗೆ ಯಾರಾದರೂ ಏನಾದರೂ ಮಾಡ್ತಿದ್ದಾರೆ ಅಂದರೆ ಮಾತ್ರ ನಾನು ಸುಮ್ಮನಿರಲ್ಲ, ನಿನಗೆ ಹೇಳಿಯೇ ಮುಂದಕ್ಕೆ ಹೋಗ್ತೀನಿ." ಅವಳು "ಏನಿಲ್ಲ ಮೇಡಂ, ಸುಮ್ನೆ ನಿದ್ದೆ ಸಾಲ್ತಿಲ್ಲ" ಎಂದಷ್ಟೇ ಹೇಳಿ ಹೋದಳು.

ಎರಡನೇ ಸಲ ಬಂದಾಗ ಕೆಮಿಸ್ಟ್ರಿ ನೋಟ್ಸ್ ತೆಗೆದು ಕೊನೆಯ ಪುಟ ತೋರಿಸಿದಳು. ಸ್ಕೇಲಿಟ್ಟು ಗೆರೆ ಎಳೆದ ಮೂರು ಕಾಲಂ. ತಾರೀಖು, ಅಪ್ಪ ಮನೆಗೆ ಬಂದ ಹೊತ್ತು, ಎಷ್ಟು ಕ್ವಾರ್ಟರ್. ಒಂದೊಂದು ದಿನದ ಮುಂದೆ "2 + ಬೆಳಿಗ್ಗೆ 1" ಎಂದಿತ್ತು. ಬಚ್ಚಲ ಸೌದೆಯ ಹಿಂದೆ, ಬೈಕಿನ ಬಾಕ್ಸಿನಲ್ಲಿ ಸಿಕ್ಕ ಖಾಲಿ ಬಾಟಲಿ ಎಣಿಸಿ ಬರೆದ ಲೆಕ್ಕ ಅದು.

ಅಪ್ಪ ಗಾರೆ ಮೇಸ್ತ್ರಿ. ಅವರು ಬರುವ ತನಕ ಇವಳು ಮಲಗುತ್ತಿರಲಿಲ್ಲ. ಬೈಕಿನ ಸ್ಟ್ಯಾಂಡ್ ಒಂದೇ ಸಲಕ್ಕೆ ಬಿದ್ದರೆ ಊಟ ಬಡಿಸಬಹುದು. ಎರಡು ಮೂರು ಸಲ ಒದ್ದರೆ ತಮ್ಮನನ್ನು ಒಳಕೋಣೆಗೆ ಕಳಿಸಬೇಕು. ಬೆಳಿಗ್ಗೆ ಕಂಟ್ರಾಕ್ಟರ್ ಫೋನ್ ಬಂದರೆ "ಅಪ್ಪನಿಗೆ ಜ್ವರ" ಅನ್ನುವುದೂ ಇವಳೇ.

ಇಷ್ಟೆಲ್ಲ ಒಂದೇ ಉಸಿರಿಗೆ ಹೇಳಿದವಳು ಯುಗಾದಿಯ ವಿಷಯ ಬಂದಾಗ ತಡವರಿಸಿದಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದ್ದಾಗ ಬಂದ ಹಬ್ಬ ಅದು. ಬೇವು ಬೆಲ್ಲ ಕೊಡುವಾಗ ಇನ್ನು ಮುಟ್ಟಲ್ಲ ಎಂದು ಅಪ್ಪನ ಕೈಯಲ್ಲಿ ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು. ಅಪ್ಪ ಮಾತು ಉಳಿಸಿಕೊಂಡರು. ಮಾರನೇ ದಿನ ರಾತ್ರಿ ಫಿಟ್ಸ್ ಬಂದು ಬಿದ್ದರು. ಇವಳು ಬೀರುವಿನ ಕೀಲಿ ತಂದು ಅವರ ಮುಷ್ಟಿಯೊಳಗೆ ತುರುಕಿದಳು. ಡ್ರಿಪ್ ಹಾಕಿಸಿಕೊಂಡು ಬಂದವರು ಅದೇ ವಾರ ಮತ್ತೆ ಕುಡಿದರು.

"ನಾನು ಆಣೆ ಹಾಕಿಸದಿದ್ದರೆ ಅಪ್ಪ ಬೀಳ್ತಿರಲಿಲ್ಲ ಅಲ್ವಾ ಮೇಡಂ?"

ಈ ಪ್ರಶ್ನೆ ಹೊತ್ತುಕೊಂಡು ಅವಳು ಐದು ತಿಂಗಳು ಒಬ್ಬಳೇ ಓಡಾಡಿದ್ದಳು. ಸಮಾಧಾನದ ಮಾತು ಇಲ್ಲಿ ಸಾಲದು. ಹಾಗಾಗಿ ಹಾಳೆ ತೆಗೆದು ವಿವರಿಸಿದೆ. ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರ ಮಿದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಕೆಲವರಿಗೆ ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣಿಸುತ್ತದೆ, ಮಾತು ಹಳಿ ತಪ್ಪುತ್ತದೆ, ಜೀವಕ್ಕೇ ಅಪಾಯವಾಗುತ್ತದೆ. ಆಸ್ಪತ್ರೆಯಲ್ಲಾದರೆ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ. ಫಿಟ್ಸ್ ತಂದದ್ದು ಆಣೆಯಲ್ಲ, ಡಾಕ್ಟರಿಲ್ಲದೆ ದಿಢೀರನೆ ನಿಲ್ಲಿಸಿದ್ದು. ಇದು 15 ವರ್ಷದ ಹುಡುಗಿಗೆ ಹೇಗೆ ಗೊತ್ತಿರಬೇಕಿತ್ತು? ಕೀಲಿಯಿಂದ ಉಪಯೋಗವಿಲ್ಲ ಎಂಬುದನ್ನೂ ಹೇಳಿದೆ. ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಅವಳು ತುಂಬಾ ಹೊತ್ತು ಅತ್ತಳು. ನಾನು ನೀರು ಕೊಟ್ಟು ಕಾದೆ.

ಹೊರಡುವಾಗ ಇನ್ನೊಂದು ವಿಷಯ ಹೊರಬಿತ್ತು. ಗೊತ್ತಾಗದ ಹಾಗೆ ಟೀಯಲ್ಲಿ ಬೆರೆಸಿದರೆ ಕುಡಿತ ಬಿಡಿಸುವ ಪುಡಿಯಂತೆ. ಮೊಬೈಲಿನಲ್ಲಿ ಜಾಹೀರಾತು ನೋಡಿ, ಬಸ್ ಪಾಸಿನ ದುಡ್ಡು ಎತ್ತಿಟ್ಟಿದ್ದಳು. ಖಂಡಿತ ಬೇಡ ಎಂದೆ. ಅಂಥ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಡಾಕ್ಟರು ಕೊಡುವ ಡೈಸಲ್ಫಿರಾಮ್ ಮಾತ್ರೆಯೇ ಆದರೂ, ಅದನ್ನು ತಿಂದವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಕುಸಿಯಬಹುದು. ಅದಕ್ಕೇ ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಕದ್ದು ಕೊಡುವ ಔಷಧಿ ಅಲ್ಲ ಅದು. ಇದನ್ನು ಓದುವ ಮನೆಯವರೂ ದಯವಿಟ್ಟು ಈ ದಾರಿ ಹಿಡಿಯಬೇಡಿ.

ಅವಳಿಗೆ ಕೊಟ್ಟ ಸಲಹೆ ಹೆಚ್ಚೇನಿಲ್ಲ. ಬಾಟಲಿ ಹುಡುಕುವುದು, ನೀರು ಬೆರೆಸುವುದು, ಚೆಲ್ಲುವುದು ಇವತ್ತಿಗೇ ನಿಲ್ಲಿಸು. ಕುಡಿದು ಬಂದಾಗ ವಾದಕ್ಕೆ ನಿಲ್ಲಬೇಡ. ಹೇಳುವುದಿದ್ದರೆ ಬೆಳಿಗ್ಗೆ, ಅವರು ತಿಳಿಯಾಗಿದ್ದಾಗ ಹೇಳು, ಅದೂ ನಿನ್ನ ಮನಸ್ಸಿಗೆ ಆದದ್ದನ್ನು ಮಾತ್ರ. ಕುಡಿದಿದ್ದರೆ ಅವರ ಬೈಕ್ ಹತ್ತಬೇಡ. ಫೋನ್ ಬಂದರೆ ಅಪ್ಪನ ಕೈಗೇ ಕೊಡು, ಜ್ವರ ಅನ್ನಬೇಡ. ಗಲಾಟೆ ಜೋರಾದ ದಿನ ತಮ್ಮನನ್ನು ಕರೆದುಕೊಂಡು ಎರಡು ಬೀದಿ ಆಚೆಗಿನ ದೊಡ್ಡಮ್ಮನ ಮನೆಗೆ ಹೋಗಿಬಿಡು. ಅದಕ್ಕೆ ಒಂದು ಜೊತೆ ಬಟ್ಟೆ, ಪುಸ್ತಕ ಅಲ್ಲೇ ಇಟ್ಟಳು. ಹೊಡೆತ ಬಡಿತವಾದರೆ 112 ಅಥವಾ ಮಕ್ಕಳ ಸಹಾಯವಾಣಿ 1098. ನಡುರಾತ್ರಿ ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಮೂರೂ ನಂಬರನ್ನು ಅದೇ ಕೊನೆಯ ಪುಟದಲ್ಲಿ ಬರೆಸಿದೆ.

ಲೆಕ್ಕ ಬರೆಯುವುದು ಬೇಡ ಎಂದದ್ದು ಅವಳಿಗೆ ಹಿಡಿಸಲಿಲ್ಲ. "ನಾನು ನೋಡ್ಕೊಳ್ಳದಿದ್ರೆ ಇನ್ಯಾರು ನೋಡ್ಕೋತಾರೆ?" ಎಂದಳು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅವಳ ಒಪ್ಪಿಗೆ ಪಡೆದು ಅಮ್ಮನನ್ನು ಕರೆಸಿದೆ. ಆಕೆ ನೋಟ್ಸ್ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಮಗಳು ಎಚ್ಚರ ಇರುತ್ತಾಳೆಂದು ಅವರಿಗೆ ಗೊತ್ತಿತ್ತು. ಎಣಿಸುತ್ತಿದ್ದಾಳೆಂದು ಗೊತ್ತಿರಲಿಲ್ಲ.

ಆ ಪುಟದ ಫೋಟೋ ಅಮ್ಮನ ಮೊಬೈಲಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಯಿತು. ಸರ್ಕಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ದಿನಕ್ಕೆ ಎಷ್ಟು, ಬೆಳಿಗ್ಗೆಯೂ ಬೇಕಾಗುತ್ತದೆಯೇ ಎಂದು ಅವರು ಕೇಳಿದ್ದಕ್ಕೆ ಉತ್ತರ ಅದರಲ್ಲಿತ್ತು. ಅಪ್ಪ ಮೂರನೇ ಮಂಗಳವಾರ ತಾವಾಗಿ ಬಂದರು. ಜಿಲ್ಲಾಸ್ಪತ್ರೆಯಲ್ಲಿ ಹತ್ತು ದಿನ ದಾಖಲಾಗಿ ಕುಡಿತ ಬಿಟ್ಟರು. ಎರಡು ತಿಂಗಳಿಗೆ ಒಂದು ಮದುವೆಯಲ್ಲಿ ಮತ್ತೆ ಕುಡಿದರು. ಮತ್ತೆ ಆಸ್ಪತ್ರೆಗೆ ಹೋಗುತ್ತಿದ್ದಾರೆ. ಈ ಕಾಯಿಲೆಯಲ್ಲಿ ಹೀಗಾಗುವುದುಂಟು ಎಂದು ಸಹನಾಗೆ ಮೊದಲೇ ಹೇಳಿದ್ದೆ. ಆ ರಾತ್ರಿ ಅವಳು ದೊಡ್ಡಮ್ಮನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಕಾಲೇಜಿಗೆ ಬಂದಿದ್ದಳು.

ಹೋದ ವಾರ ಬಂದಾಗ ತನ್ನ ಬಗ್ಗೆ ಏನೂ ಹೇಳಲಿಲ್ಲ. ಬ್ಯಾಗಿನ ಜಿಪ್ ಎಳೆಯುತ್ತಾ ಕೇಳಿದಳು: "ಮೇಡಂ, ತಮ್ಮ ಆರನೇ ಕ್ಲಾಸು. ಇನ್ನೂ ಹಾಸಿಗೆ ಒದ್ದೆ ಮಾಡ್ಕೋತಾನೆ. ಅವನನ್ನೂ ಕರ್ಕೊಂಡು ಬರ್ಲಾ?"

ಶನಿವಾರ ಮಧ್ಯಾಹ್ನ ಬನ್ನಿ ಎಂದಿದ್ದೇನೆ.