ಹಳ್ಳಿಯ ಗ್ರಂಥಾಲಯದಲ್ಲಿ ವೀಡಿಯೊ ಕಾನ್ಫರೆನ್ಸ್ ಮೂಲಕ ಕಾರ್ಯಕ್ರಮ ನಡೆಸಲು ಏನೇನು ಬೇಕು?

ಮಂಡ್ಯ ಸೀಮೆಯ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ಕಬ್ಬು ಬೆಳೆಗಾರರಿಗೂ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳಿಗೂ ವೀಡಿಯೊ ಸಂವಾದ ಏರ್ಪಡಿಸುವ ಬಗೆಯನ್ನು ಕೇಳಿದ್ದೀರಿ.

ಕ್ಯಾಮೆರಾಕ್ಕಿಂತ ಮೊದಲು ಧ್ವನಿಯ ವ್ಯವಸ್ಥೆ ನೋಡಿಕೊಳ್ಳಿ. ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಒಬ್ಬೊಬ್ಬರಾಗಿ ಎದ್ದು ಹೊರಡುತ್ತಾರೆ. ಸ್ಪೀಕರಿನಿಂದ ಹೊರಟ ಮಾತು ಮೈಕಿಗೆ ಮರಳಿ ಹೊಕ್ಕಾಗ ಪ್ರತಿಧ್ವನಿ ಉಂಟಾಗುವುದರಿಂದ, ಸಭೆಯಲ್ಲಿ ಒಂದೇ ಲ್ಯಾಪ್‌ಟಾಪಿನ ಧ್ವನಿ ತೆರೆದಿರಬೇಕು, ಸ್ಪೀಕರ್ ಮೈಕಿಗೆ ಬೆನ್ನು ಮಾಡಿರಬೇಕು, ಕುಳಿತವರು ತಮ್ಮ ಮೊಬೈಲಿನಿಂದ ಅದೇ ಕರೆಗೆ ಸೇರಬಾರದು. ಪ್ರಶ್ನೆ ಕೇಳುವವರು ಮೈಕಿನ ಬಳಿಗೇ ಬರಲಿ. ಹಿಂದಿನ ಸಾಲಿನಿಂದ ಕೂಗಿದ್ದು ಆ ಕಡೆಯವರಿಗೆ ಬರೀ ಗದ್ದಲವಾಗಿ ತಲುಪುತ್ತದೆ.

ಅಂತರ್ಜಾಲದ ವೇಗ ಎರಡೂ ದಿಕ್ಕಿನಲ್ಲಿ 3–4 ಎಂಬಿಪಿಎಸ್ ಇದ್ದರೆ ಸಾಕು, ಆದರೆ ವೈಫೈಗಿಂತ ಕೇಬಲ್ ಸಂಪರ್ಕವೇ ಭದ್ರ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ಕರೆಂಟು ಹೋದೊಡನೆ ರೂಟರ್ ಆರಿಹೋಗುತ್ತದೆ. ಅದಕ್ಕೊಂದು ಸಣ್ಣ ಯುಪಿಎಸ್ ಇರಲಿ. ಝೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ, ಗೂಗಲ್ ಮೀಟ್‌ನಲ್ಲಿ ಗುಂಪಿಗೆ 60 ನಿಮಿಷ ಸಿಗುತ್ತದೆ.

ರೋಗ ತಗುಲಿದ ಕಬ್ಬಿನ ಗರಿಯನ್ನು ಕ್ಯಾಮೆರಾದ ಮುಂದೆ ಅಲ್ಲಾಡಿಸಿ ತೋರಿಸುವ ಉಮೇದು ಎಲ್ಲರಿಗೂ ಇರುತ್ತದೆ, ಫಲ ಮಾತ್ರ ಕಡಿಮೆ. ಗರಿಯ ಎರಡೂ ಮೈ ಮತ್ತು ಸೀಳಿದ ಜಲ್ಲೆಯ ಒಳಭಾಗದ ಫೋಟೊಗಳನ್ನು, ಹೊಸ ನಾಟಿಯೋ, ಕಟಾವಾದ ಬುಡದಿಂದ ಮತ್ತೆ ಚಿಗುರಿದ ಕೂಳೆಯೋ ಎಂಬ ವಿವರದೊಂದಿಗೆ, ಹಿಂದಿನ ದಿನವೇ ವಾಟ್ಸಾಪಿನಲ್ಲಿ ಕಳುಹಿಸಿಡಿ.