ಇಟಲಿಯ ಸಿಂಗಲ್ ಆಕ್ಷನ್ ರಿವಾಲ್ವರ್: ಉಬರ್ಟಿಯೋ, ಪಿಯೆಟಾವೋ?

ಗ್ರೀನ್ ಕಾರ್ಡ್ ಬಂತು, ಟೆಕ್ಸಾಸ್‌ನಲ್ಲಿದ್ದೀನಿ, ಕೌಬಾಯ್ ಶೂಟಿಂಗ್ (ಹಳೇ ಕಾಲದ ಕೋವಿಗಳಲ್ಲಿ ಗುರಿ ಹೊಡೆಯೋ ಸ್ಪರ್ಧೆ) ಕ್ಲಬ್ ಸೇರೋ ಆಸೆ, ಅಮೆರಿಕದ ಹಳೇ ಕೋಲ್ಟ್ ನಮೂನೆಯ ಇಟಲಿ ರಿವಾಲ್ವರ್ ತಗೊಳ್ಳೋದಾದರೆ ಉಬರ್ಟಿಯೋ ಪಿಯೆಟಾವೋ, ತೋಟಾ ಅಳತೆ 45 ತಗೊಳ್ಳಲೋ 357 ತಗೊಳ್ಳಲೋ ಅಂತ ಕೇಳಿದ್ದೀರಿ. ಸಿಂಗಲ್ ಆಕ್ಷನ್ ಅಂದರೆ ತೋಟಾಕ್ಕೆ ಬಡಿಯೋ ಹ್ಯಾಮರನ್ನು ಪ್ರತಿ ಸಲವೂ ಕೈಯಿಂದ ಹಿಂದಕ್ಕೆ ಎಳೆದ ಮೇಲೇ ಹಾರೋದು. ಮೊದಲೇ ಉತ್ತರ ಹೇಳಿಬಿಡ್ತೀನಿ. 357 ತಗೊಳ್ಳಿ. ಕಂಪನಿ ಯಾವುದಾದರೂ ಆಗಲಿ, ಕೈಯಲ್ಲಿ ಹಿಡಿದು ನೋಡದೆ ಮಾತ್ರ ತಗೋಬೇಡಿ.

ನಾನು ಮೂಡಿಗೆರೆ ಕಡೆಯವನು. ಅಜ್ಜನ ಹತ್ತಿರ ತೋಟ ಕಾಯೋಕೆ ಅಂತ ಲೈಸೆನ್ಸಿನ ಒಂಟಿನಳಿಗೆ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರೋದು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರೋದು. ಹಾಗಾಗಿ ಇಲ್ಲಿ ಅಂಗಡಿಗೆ ಹೋಗಿ, 4473 ಅನ್ನೋ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಕೂಡಲೇ ಕೋವಿ ಹಿಡಿದು ಹೊರಗೆ ಬಂದಾಗ ಏನೋ ಕಳ್ಳತನ ಮಾಡಿದ ಹಾಗೆ ಅನಿಸಿತ್ತು. ಇದನ್ನು ಓದ್ತಿರೋ ಎಚ್-1ಬಿ ಮಂದಿಗೆ ಒಂದು ಮಾತು: ಗ್ರೀನ್ ಕಾರ್ಡಿನವರಿಗೆ ಇರೋ ಅವಕಾಶ ನಿಮಗೆ ಹಾಗೇ ಇಲ್ಲ. ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಕೋವಿ ಇಟ್ಟುಕೊಳ್ಳೋದು ಫೆಡರಲ್ ಅಪರಾಧ. ಗೆಳೆಯನ ಕೈಲಿ ಕೊಡಿಸಿಕೊಳ್ಳೋ ಉಪಾಯ ಅಂತೂ ಬೇಡವೇ ಬೇಡ.

ಈಗ ಉಬರ್ಟಿ, ಪಿಯೆಟಾ ವಿಷಯ. ಎರಡೂ ಉತ್ತರ ಇಟಲಿಯ ಬ್ರೆಶಾ ಪ್ರಾಂತ್ಯದವೇ. ಅಲ್ಲಿನ ವಾಲ್ ಟ್ರೋಂಪಿಯಾ ಕಣಿವೆಯಲ್ಲಿ ಕಬ್ಬಿಣದ ಅದಿರು, ಹೊಳೆ ನೀರು, ಕಮ್ಮಾರರು ಮೂರೂ ಒಟ್ಟಿಗೆ ಇದ್ದಿದ್ದರಿಂದ ಶತಮಾನಗಳಿಂದ ನಳಿಗೆ ಮಾಡೋದೇ ಕಸುಬು. ಬೆರೆಟಾ ಮನೆತನದ ದಾಖಲೆ 1526ಕ್ಕೆ ಹೋಗುತ್ತೆ. ಅಮೆರಿಕದ ಅಂತರ್ಯುದ್ಧಕ್ಕೆ ನೂರು ವರ್ಷ ತುಂಬೋ ಹೊತ್ತಿಗೆ ಆ ಕಾಲದ ಕೇಪಿನ ರಿವಾಲ್ವರ್ (ತೋಟಾ ಬದಲು ಮದ್ದು, ಗುಂಡು, ಕೇಪು ಬೇರೆ ಬೇರೆ ತುಂಬೋದು) ಬೇಕು ಅಂತ ಇಲ್ಲಿಯವರು ಹುಡುಕಿಕೊಂಡು ಹೋಗಿದ್ದು ಇದೇ ಕಣಿವೆಗೆ. ಆಲ್ಡೋ ಉಬರ್ಟಿ 1959ರಲ್ಲಿ ಶುರು ಮಾಡಿದ್ದು ಆ ಕೆಲಸದಿಂದ. ಕಂಪನಿ ಈಗ ಬೆರೆಟಾ ಬಳಗದಲ್ಲಿದೆ. ಪಿಯೆಟಾದವರು ಗುಸ್ಸಾಗೋ ಅನ್ನೋ ಊರಿನವರು.

ಅಂಗಡಿಯಲ್ಲಿ ಗೊಂದಲ ಆಗೋದು ಇಲ್ಲೇ. ಕೋವಿ ಮೇಲೆ ಸಿಮರಾನ್, ಟೇಲರ್ಸ್, ಇಎಂಎಫ್ ಅಂತೆಲ್ಲ ಇರುತ್ತೆ. ಇವರೆಲ್ಲ ಆಮದು ಮಾಡೋರು, ಕಾರ್ಖಾನೆಯವರಲ್ಲ. ನಳಿಗೆ ಮತ್ತು ಫ್ರೇಮಿನ ಅಡಿಭಾಗಕ್ಕೆ ಟಾರ್ಚ್ ಹಿಡಿದರೆ ಮಾಡಿದವರ ಗುರುತು, ಇಟಲಿ ಸರ್ಕಾರದ ಪರೀಕ್ಷಾ ಮುದ್ರೆ, ಜೊತೆಗೆ ಒಂದು ಪುಟ್ಟ ಚೌಕದೊಳಗೆ ಎರಡಕ್ಷರ ಸಿಗುತ್ತೆ. ಆ ಎರಡಕ್ಷರ ಪರೀಕ್ಷೆ ಆದ ವರ್ಷದ ಸಂಕೇತ. ಸೆಕೆಂಡ್ ಹ್ಯಾಂಡ್ ಕೊಳ್ಳೋದಾದರೆ ಮಾರೋನ ಬಾಯಿಗಿಂತ ಆ ಚೌಕವನ್ನು ನಂಬಿ. ಹಳೆಯ ಪಿಯೆಟಾಗಳಿಗೆ ಒರಟು ಅನ್ನೋ ಹೆಸರಿತ್ತು. ಈಗಿನವು ಹಾಗಿಲ್ಲ. ನನ್ನ ಹತ್ತಿರ ಎರಡೂ ಇವೆ, ಕಣ್ಣುಮುಚ್ಚಿ ಕೊಟ್ಟರೆ ಯಾವುದು ಯಾವುದು ಅಂತ ಹೇಳೋಕೆ ನನಗೆ ಆಗಲ್ಲ.

ಕೈಯಲ್ಲಿ ಹಿಡಿದು ನೋಡಿ ಅಂದೆನಲ್ಲ, ಅದು ಹೀಗೆ. ಮೊದಲು ಖಾಲಿ ಇದೆಯಾ ಅಂತ ತೋಟಾ ತುಂಬೋ ಗೇಟು ತೆಗೆದು, ತಿರುಗೋ ಸಿಲಿಂಡರಿನ ಆರೂ ಕೋಣೆ ಕಣ್ಣಾರೆ ನೋಡಿ. ಆಮೇಲೆ ಅಂಗಡಿಯವನ ಅಪ್ಪಣೆ ಕೇಳಿ, ಕಿವಿ ಹತ್ತಿರ ಹಿಡಿದು ಹ್ಯಾಮರನ್ನು ಹೆಬ್ಬೆರಳಿಂದ ನಿಧಾನಕ್ಕೆ ಎಳೆಯಿರಿ. 1873ರ ಕೋಲ್ಟ್ ನಮೂನೆಯಲ್ಲಿ ನಾಲ್ಕು ಸಲ ಟಕ್ ಅನ್ನಬೇಕು: ಸೇಫ್ಟಿ ಕಚ್ಚು, ಅರ್ಧ ಕಾಕ್ (ಹ್ಯಾಮರ್ ಅರ್ಧ ಹಿಂದೆ ನಿಲ್ಲೋದು), ಸಿಲಿಂಡರ್ ತಿರುಗದ ಹಾಗೆ ಹಿಡಿಯೋ ಬೋಲ್ಟ್ ಅದರ ಕಚ್ಚಿಗೆ ಬೀಳೋದು, ಪೂರ್ತಿ ಕಾಕ್. ಕೆಲವು ಹೊಸ ಮಾದರಿಗಳಲ್ಲಿ ಸೇಫ್ಟಿ ವ್ಯವಸ್ಥೆಯನ್ನೇ ಬದಲಾಯಿಸಿರೋದರಿಂದ ಈ ಲೆಕ್ಕ ಬೇರೆ, ಕೇಳಿಕೊಳ್ಳಿ. ಮೂರನೇ ಮತ್ತು ನಾಲ್ಕನೇ ಸದ್ದು ಹೆಚ್ಚು ಕಡಿಮೆ ಒಟ್ಟಿಗೇ ಬಂದರೆ ಒಳ್ಳೇದು. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಂತರೂ ಬೋಲ್ಟ್ ಇನ್ನೂ ಕೂತಿಲ್ಲ, ಸಿಲಿಂಡರ್ ಕೈಯಲ್ಲಿ ತಿರುಗುತ್ತೆ ಅಂದರೆ ಅದನ್ನು ಅಲ್ಲೇ ಇಟ್ಟು ಮುಂದಿನದು ಕೇಳಿ. ಸಿಲಿಂಡರನ್ನು ಹಿಂದೆ ಮುಂದೆ ತಳ್ಳಿ ನೋಡಿ, ಕೂದಲೆಳೆಯಷ್ಟು ಅಲ್ಲಾಡಿದರೆ ಪರವಾಗಿಲ್ಲ, ಲೊಟಲೊಟ ಅನ್ನಬಾರದು. ಸಿಲಿಂಡರಿನ ಸುತ್ತ ಬಳೆಯ ಹಾಗೆ ಗೀರು ಬಿದ್ದಿದ್ದರೆ, ಹಿಂದಿನ ಯಜಮಾನ ಅರ್ಧ ಕಾಕ್‌ನಿಂದಲೇ ಹ್ಯಾಮರ್ ಇಳಿಸುತ್ತಿದ್ದ ಅಂತ ಅರ್ಥ. ಕೋವಿ ಹಾಳಾಗಿರಬೇಕೆಂದೇನಿಲ್ಲ, ಆದರೆ ಬೆಲೆ ಇಳಿಸೋಕೆ ಒಳ್ಳೇ ನೆಪ.

ಬಣ್ಣಕ್ಕೆ ಮರುಳಾಗಬೇಡಿ. ಹೊಸ ಕೋವಿಯನ್ನೇ ಉಜ್ಜಿ, ತುಕ್ಕಿನ ಬಣ್ಣ ಬರಿಸಿ, ನೂರು ವರ್ಷ ಹಳೇದರ ಥರ ಮಾಡಿ ಅದಕ್ಕೆ ಜಾಸ್ತಿ ದುಡ್ಡು ಕೇಳ್ತಾರೆ. ನಮ್ಮೂರಲ್ಲಿ ಅಂಥದ್ದನ್ನು ಬರೀ ಬಾಯಿಮಾತಿಗೂ ಯಾರೂ ಕೇಳ್ತಿರಲಿಲ್ಲ.

ನಾನು ಮೊದಲನೆಯದನ್ನು ಮುಟ್ಟಿ ನೋಡದೆ ಆನ್‌ಲೈನಿನಲ್ಲಿ ತರಿಸಿದೆ. ರೇಂಜಿಗೆ ಹೋಗಿ ಟ್ರಿಗರ್ ಒತ್ತಿದರೆ ಹ್ಯಾಮರ್ ಬಿತ್ತು, ಗುಂಡು ಹಾರಲಿಲ್ಲ. ಐದಕ್ಕೆ ಐದೂ ಹಾಗೇ. ಮೋಸ ಹೋದೆ ಅಂತ ಬೈಕೊಂಡು ಮಾರನೇ ದಿನ ಕೋವಿ ರಿಪೇರಿಯವನ ಹತ್ತಿರ ಹೋದೆ. ಆತ ಸಿಲಿಂಡರಿನ ನಡುವೆ ಹಾಯೋ ಬೇಸ್ ಪಿನ್ ನೋಡಿದ, ಪಕ್ಕದ ಗುಂಡಿ ಒತ್ತಿ ಅದನ್ನು ಒಂದಿಷ್ಟು ಮುಂದಕ್ಕೆ ಎಳೆದ, ಕೋವಿ ವಾಪಸ್ ಕೊಟ್ಟ. ದುಡ್ಡೂ ತಗೊಳ್ಳಲಿಲ್ಲ. ಇಟಲಿಯ ಹಲವು ರಿವಾಲ್ವರುಗಳಲ್ಲಿ ಆ ಪಿನ್ನಿಗೆ ಎರಡು ಕಚ್ಚು ಇರುತ್ತೆ. ಎರಡನೇ ಕಚ್ಚಿನವರೆಗೆ ಹಿಂದಕ್ಕೆ ತಳ್ಳಿದರೆ ಪಿನ್ನಿನ ತುದಿ ಹ್ಯಾಮರಿಗೆ ಅಡ್ಡ ಬರುತ್ತೆ, ಅದೇ ಸೇಫ್ಟಿ. ಪೆಟ್ಟಿಗೆಯಲ್ಲಿದ್ದ ಪುಸ್ತಕದಲ್ಲಿ ಚಿತ್ರಸಮೇತ ಬರೆದಿತ್ತು. ಓದಿದವರು ಯಾರು?

ಇನ್ನು ತೋಟಾ. 45 ಕೋಲ್ಟ್ ಅಂದರೆ ಚರಿತ್ರೆ, ನಿಜ. 1873ರಲ್ಲಿ ಅಮೆರಿಕದ ಸೈನ್ಯ ಈ ರಿವಾಲ್ವರನ್ನು ಒಪ್ಪಿಕೊಂಡಿದ್ದೇ ಆ ಅಳತೆಯಲ್ಲಿ, ಏಳೂವರೆ ಇಂಚಿನ ನಳಿಗೆಯಲ್ಲಿ. ಆದರೆ ನೀವು ಹೊಸಬರು, ತಿಂಗಳಿಗೆ ನೂರಾರು ಗುಂಡು ಹಾರಿಸ್ತೀರಿ. 357 ಮ್ಯಾಗ್ನಮ್ ಕೋವಿಯಲ್ಲಿ 38 ಸ್ಪೆಷಲ್ ತೋಟಾ ಹಾಕಬಹುದು, ಅದು 45ಕ್ಕಿಂತ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಫ್ರೇಮು ಎರಡಕ್ಕೂ ಒಂದೇ, ತೂತು ಮಾತ್ರ ಚಿಕ್ಕದು. ಹಾಗಾಗಿ ಉಕ್ಕು ಜಾಸ್ತಿ, ತೂಕ ಜಾಸ್ತಿ, ಕೈಗೆ ಬೀಳೋ ಒದೆ ಕಡಿಮೆ. ಸ್ಪರ್ಧೆಯಲ್ಲಿ ಹೇಗೂ ಸೀಸದ ಗುಂಡು, ಕಡಿಮೆ ವೇಗ. ಗುರಿಯ ಉಕ್ಕಿನ ಬಿಲ್ಲೆ ಹತ್ತಿರದಲ್ಲೇ ಇರುತ್ತೆ, ಬಡಿದರೆ ಟಣ್ ಅನ್ನಬೇಕು ಅಷ್ಟೇ. ನಳಿಗೆ 4¾ ಅಥವಾ 5½ ಇಂಚು ಸಾಕು. ಏಳೂವರೆಯದು ಗೋಡೆ ಮೇಲೆ ಚೆಂದ, ಸೊಂಟದ ಚೀಲದಿಂದ ಎಳೆಯುವಾಗ ರಗಳೆ. ಅಂಗೈ ದೊಡ್ಡದಾದರೆ 1860ರ ಕೋಲ್ಟ್ ಆರ್ಮಿ ಮಾದರಿಯ ಉದ್ದ ಹಿಡಿ ಇರೋದನ್ನೂ ಹಿಡಿದು ನೋಡಿ. ಸಾಮಾನ್ಯ ಹಿಡಿಯಲ್ಲಿ ಕಿರುಬೆರಳಿಗೆ ಜಾಗ ಸಿಗಲ್ಲ. ಅದನ್ನು ಅಡಿಗೆ ಮಡಚಿಕೊಳ್ಳೋದು ರೂಢಿ.

ಗುರಿ ಹಿಡಿಯೋಕೆ ಹಿಂದೆ ಬರೀ ಒಂದು ಕಾಲುವೆ, ಮುಂದೆ ಒಂದು ಅಲಗು. ತಿರುಗಿಸಿ ಸರಿಮಾಡೋ ಸ್ಕ್ರೂ ಇಲ್ಲ. ಹೊಸದರಲ್ಲಿ ಗುಂಡು ಗುರಿಗಿಂತ ಕೆಳಗೆ ಬಡೀತಿದ್ದರೆ ಸಂತೋಷಪಡಿ, ಅಲಗನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿದರೆ ಮೇಲಕ್ಕೆ ಬರುತ್ತೆ. ಆದರೆ ಯಾವ ತೋಟಾ ಬಳಸ್ತೀರಿ ಅನ್ನೋದು ಖಾತ್ರಿಯಾಗೋವರೆಗೆ ಅರ ಮುಟ್ಟಬೇಡಿ. ಉಜ್ಜಿದ್ದನ್ನು ವಾಪಸ್ ಅಂಟಿಸೋಕಾಗಲ್ಲ.

ಆರು ಕೋಣೆ ಇದ್ದರೂ ತುಂಬೋದು ಐದೇ. ಹಳೇ ನಮೂನೆಯಲ್ಲಿ ಹ್ಯಾಮರಿನ ಮೂತಿ ಸೀದಾ ತೋಟಾದ ಹಿಂಬದಿಯ ಕೇಪಿನ ಮೇಲೆ ಕೂತಿರುತ್ತೆ, ಕೋವಿ ಕೆಳಗೆ ಬಿದ್ದರೆ ಹಾರಿಬಿಡಬಹುದು. ಅರ್ಧ ಕಾಕ್ ಮಾಡಿ, ಒಂದು ತುಂಬಿ, ಒಂದು ಬಿಟ್ಟು, ನಾಲ್ಕು ತುಂಬಿ, ಪೂರ್ತಿ ಕಾಕ್ ಮಾಡಿ ಮೆಲ್ಲಗೆ ಇಳಿಸಿದರೆ ಹ್ಯಾಮರ್ ಸರಿಯಾಗಿ ಖಾಲಿ ಕೋಣೆ ಮೇಲೆ ಬರುತ್ತೆ. ಖಾಲಿ ಕೋವಿಯಲ್ಲಿ, ಡಮ್ಮಿ ತೋಟಾ ಹಾಕಿ, ಮನೆಯಲ್ಲಿ ಐವತ್ತು ಸಲ ಅಭ್ಯಾಸ ಮಾಡಿ. ನಳಿಗೆಯ ಮೂತಿ ಯಾವಾಗಲೂ ಮನುಷ್ಯರಿಲ್ಲದ ಕಡೆಗೇ ಇರಲಿ. ಈ ತಲೆನೋವೇ ಬೇಡ ಅನ್ನೋರಿಗೆ ಅಮೆರಿಕದ್ದೇ ರೂಗರ್ ವಾಕೆರೋ ಇದೆ. ಅದರಲ್ಲಿ ಟ್ರಿಗರ್ ಒತ್ತಿದಾಗ ಮಾತ್ರ ಹ್ಯಾಮರಿನ ಪೆಟ್ಟು ತಲುಪಿಸೋ ಟ್ರಾನ್ಸ್‌ಫರ್ ಬಾರ್ ಇರೋದರಿಂದ ಬಿದ್ದರೂ ಹಾರಲ್ಲ, ಗಟ್ಟಿಮುಟ್ಟಾಗಿಯೂ ಇದೆ. ಆದರೆ ಆ ನಾಲ್ಕು ಟಕ್ ಅದರಲ್ಲಿ ಬರಲ್ಲ, ನನಗೆ ಅದಕ್ಕೇ ಮನಸ್ಸು ಒಪ್ಪಲಿಲ್ಲ. ಸ್ಪರ್ಧೆಯಲ್ಲಿ ಹೇಗೂ ಎಲ್ಲರೂ ಐದೇ ತುಂಬೋದು.

ಸ್ಪರ್ಧೆಗೆ ಎರಡು ರಿವಾಲ್ವರ್ ಬೇಕು. ಮೊದಲು ಒಂದನ್ನೇ ತಗೊಂಡು ಕ್ಲಬ್ಬಿಗೆ ಹೋಗಿ, ಇನ್ನೊಂದನ್ನು, ರೈಫಲನ್ನು, ಶಾಟ್‌ಗನ್ನನ್ನು ಅಲ್ಲಿನ ಹಿರಿಯರೇ ಕೈಗೆ ಕೊಡ್ತಾರೆ. ಕೊನೆಗೆ ಒಂದು: ಇದರ ಸ್ಕ್ರೂಗಳು ಹಾರಿಸ್ತಾ ಹಾರಿಸ್ತಾ ಸಡಿಲಾಗ್ತವೆ. ಮನೆಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಕಿತ್ತುಹೋಗುತ್ತೆ. ಕೋವಿಗೆ ಅಂತಲೇ ಬೇರೆ ಬಿಟ್ ಸಿಗುತ್ತೆ, ಅದನ್ನು ಅವತ್ತೇ ಬಿಲ್ಲಿಗೆ ಸೇರಿಸಿಬಿಡಿ.